ಇಪ್ಪತ್ತೊಂದನೆಯ ದಿನದ ರೋಲು

ಭೋಸರಿಯ ಈ ಶೆಡ್ಡಿನೊಳಗೆ ಒಂದು ಕೊಳ.
ಮೀನಿಲ್ಲ, ಪಾಚಿಯಿಲ್ಲ.
ನಾನೂರ ಅರವತ್ತು ಡಿಗ್ರಿಯಲ್ಲಿ
ಕನ್ನಡಿಯ ಹಾಗೆ ಸುಮ್ಮನೆ ಬಿದ್ದಿರುವ ಸತು.
ಬಗ್ಗಿದರೆ ಮುಖ ಕಾಣುತ್ತದೆ. ಬಗ್ಗಬಾರದು.

ಉಕ್ಕಿನ ಹಾಳೆ ಅದರೊಳಕ್ಕಿಳಿದು
ತಳದ ರೋಲನ್ನು ಬಳಸಿ
ಬೆಳ್ಳಗಾಗಿ ಮೇಲೆದ್ದು ಹೋಗುತ್ತದೆ,
ಇನ್ನೆಷ್ಟೋ ವರ್ಷ ಮಳೆಗೆ ಅಂಜಬೇಕಿಲ್ಲ ಎಂಬಂತೆ.
ಹಾಳೆ ಮುಳುಗಿರುವುದು ಮೂರು ಸೆಕೆಂಡು,
ರೋಲು ಮೂರು ವಾರ.

ರೋಲು ಸ್ಟೇನ್‌ಲೆಸ್. ಮುನ್ನೂರ ಹದಿನಾರು ಎಲ್.
ನಮ್ಮವ್ವನ ಬಾಯಲ್ಲಿ ಇಸ್ಟೀಲ.
ಸೊಲ್ಲಾಪುರದ ಬಜಾರದಲ್ಲಿ ಹೆಸರು ಕೊರೆಸಿ ತಂದ ಕೊಡ,
ಹುಣಸೆಗೆ ಜಗ್ಗಲಿಲ್ಲ, ಉಪ್ಪಿಗೆ ಜಗ್ಗಲಿಲ್ಲ.
ಫೋನಿನಲ್ಲಿ ಹೇಳಿದೆ:
ಇಲ್ಲಿ ಇಸ್ಟೀಲ ಸಕ್ಕರಿಹಂಗ ಕರಗತೈತಿ ಬೇ.
"ಸುಳ್ಳ ಹೇಳಬ್ಯಾಡ," ಅಂದಳು,
"ಕೇಜಿಗೆ ಎಷ್ಟೈತಿ ಅಲ್ಲಿ?"

ಸಕ್ಕರೆಯ ಹಾಗಲ್ಲ, ನಿಜ ಹೇಳಬೇಕೆಂದರೆ.
ಬೆಲ್ಲದಚ್ಚಿಗೆ ಇರುವೆ ಹತ್ತಿದ ಹಾಗೆ.
ಗಾಳಿ ಬಂದರೆ, ನೀರು ಬಂದರೆ
ಕದ ಹಾಕಿಕೊಳ್ಳುವ ಕ್ರೋಮಿಯಂ ಪೊರೆ
ಸತು ಬಂದಾಗ ಚಿಲಕ ಹುಡುಕುತ್ತಾ ನಿಲ್ಲುತ್ತದೆ.
ಅಷ್ಟರಲ್ಲಿ ಒಳಗಿನಿಂದ ನಿಕಲ್
ಮೆಲ್ಲಗೆ ಎದ್ದು ಹೊರಟಿರುತ್ತದೆ.
ಆಮೇಲೆ ಕಬ್ಬಿಣ. ಆಮೇಲೆ ಆಕಾರ.

ಹನ್ನೆರಡನೆಯ ದಿನ ಮುಲಾಣಿ ಚಾಚಾ
ಸಲಾಕೆಯ ಒಂದು ತುದಿ ರೋಲಿನ ತೋಳಿಗೆ
ಇನ್ನೊಂದು ತನ್ನ ಕಿವಿಗೆ ಹಚ್ಚಿ ಕೇಳುತ್ತಾರೆ.
"ಹಲ್ಲು ಕಡಿಯಲು ಶುರುಮಾಡಿದೆ."
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ.
ಇಪ್ಪತ್ತೊಂದಕ್ಕೆ ಕ್ರೇನು ಎತ್ತಿದಾಗ
ಮೈತುಂಬ ಸಿಡುಬು, ಬುಶ್ ಅರ್ಧ ಚಂದ್ರ.
ಚಾಚಾ ಟೋಪಿ ತೆಗೆದು ತಲೆ ಒರೆಸಿಕೊಂಡರು.
ಸೆಕೆಗೇ ಇರಬೇಕು.

ನನ್ನ ಕೆಲಸ ಸಣ್ಣದು.
ಬಿಸ್ಕತ್ತಿನಷ್ಟು ಅಗಲದ ಅದೇ ಉಕ್ಕಿನ ತುಂಡನ್ನು
ತಂತಿಗೆ ಕಟ್ಟಿ ಕೊಳಕ್ಕಿಳಿಬಿಟ್ಟು
ದಿನ ತುಂಬಿದ ಮೇಲೆ ಎತ್ತಿ
ಅಂಟಿದ್ದನ್ನು ಆಮ್ಲದಲ್ಲಿ ತೊಳೆದು
ತೂಗಿ ಬರೆಯುವುದು.
ಇಳಿದಾಗ ನಲವತ್ತೆರಡು ಗ್ರಾಂ,
ಎದ್ದಾಗ ಮೂವತ್ತೊಂದು.
ಕಂಪನಿಯ ವಹಿ ಇಂಗ್ಲಿಷಿನದು;
ನನ್ನದೊಂದು ಇದೆ, ಕನ್ನಡದ್ದು, ಡ್ರಾಯರಿನಲ್ಲಿ.
ಅದರಲ್ಲಿ ಒಮ್ಮೆ ಕೈತಪ್ಪಿ ಒಂದು ಒತ್ತು ಬಿದ್ದು
ಸತು ಸತ್ತು ಆಯಿತು. ತಿದ್ದಲಿಲ್ಲ.

ಬೆಹೆರೆ ಸಾಹೇಬರು ಬಂದು ಮೇಜಿನಂಚಿಗೆ ಕೂತರು.
"ಮಾಲು ಕಳಪೆ ಅಂತ ಬರೆ.
ಅವನ ಬಿಲ್ಲು ತಡೆಯೋಣ."
ಕ್ರೋಮಿಯಂ ಸರಿಯಿತ್ತು. ನಿಕಲ್ ಹತ್ತಕ್ಕೆ ಹತ್ತಿತ್ತು,
ಎರಡು ಸಲ ಸುಟ್ಟು ನೋಡಿದ್ದೆ.
ಸಾಲ ಮಾಡಿ ಕುಲುಮೆ ಹಾಕಿದ ಆ ಸಪ್ಲೈಯರ್
ನನಗೆ ಪರಿಚಯವಿಲ್ಲ; ಅವನ ಉಕ್ಕಿನ ಪರಿಚಯವಿದೆ.
ಬರೆದೆ:
ರೋಲು ಸರಿಯಿದೆ.
ಕೊಳವೂ ಸರಿಯಿದೆ.
ಎರಡೂ ಸರಿಯಿದ್ದರೆ ಆಗುವುದು ಹೀಗೆಯೇ.

ಎರಡು ದಿನ ಸಾಹೇಬರು ಮಾತು ಬಿಟ್ಟರು.
ಮೂರನೆಯ ದಿನ ಹೊಸ ರೋಲು ಬಂತು, ಅವನದೇ.
ಚಾಚಾ ಗೋಡೆ ಒರೆಸಿ ಮೊದಲ ಗೆರೆ ಎಳೆದರು.

ಆದರೂ ಆ ಹನ್ನೊಂದು ಗ್ರಾಂ
ತಲೆಯಿಂದ ಹೋಗಲಿಲ್ಲ. ಎಲ್ಲಿಗೆ ಹೋಗಿರುತ್ತದೆ?
ಒಂದಿಷ್ಟು ಗಸಿಯಾಗಿ ಸೌಟಿಗೆ ಬರುತ್ತದೆ,
ಗಸಿ ಕೊಳ್ಳುವವರಿದ್ದಾರೆ.
ಒಂದಿಷ್ಟು ಹಾಳೆಗೆ ಅಂಟಿ ಸಾಸಿವೆ ಗುಳ್ಳೆಯಾಗಿ
ಪರೀಕ್ಷೆಯಲ್ಲಿ ಬಿದ್ದು ಸೆಕೆಂಡ್ಸ್ ಎನಿಸಿಕೊಂಡು
ಗೇಟಿನಾಚೆ ಅಗ್ಗಕ್ಕೆ ಹೋಗುತ್ತದೆ.

ಗೇಟಿನಾಚೆ ನಕುಸಾಬಾಯಿಯ ಚಹಾದಂಗಡಿ.
ಬೇಡದ ಮಗಳೆಂದು ಇಟ್ಟ ಹೆಸರು;
ಅವಳೇ ನಕ್ಕು ಹೇಳುತ್ತಾಳೆ, ಕೇಳದಿದ್ದರೂ.
ತಗಡಿನ ಮಾಡು ತಗ್ಗು, ಕೈಗೆ ಎಟಕುತ್ತದೆ.
ಜುಲೈ. ಮಳೆ.
ಗ್ಲಾಸು ಹಿಡಿದು ನಿಂತವಳು
ಇನ್ನೊಂದು ಕೈಯಿಂದ ತಗಡು ಸವರಿದೆ.
ನುಣುಪು, ನುಣುಪು, ಮತ್ತೆ ಬೆರಳಿಗೆ ತಡೆಯಿತು
ಒಂದು ಗುಳ್ಳೆ.
ಉಗುರಿನಿಂದ ಕೆರೆದೆ. ಬರಲಿಲ್ಲ.

"ಅದನ್ನ ಕೀಳಬೇಡ ಬಾಯಿ," ಅಂದಳು ನಕುಸಾ,
ಮೊಳೆಯ ತೂತುಗಳ ಕೆಳಗೆ
ಒಂದೊಂದೇ ಪಾತೇಲಿ ಸರಿಸುತ್ತಾ.
"ಇಡೀ ಮಾಡಿನಲ್ಲಿ ಸೋರದ ಜಾಗ ಅದೊಂದೇ."